ಸ್ಕಿಜಾಯ್ಡ್ ವ್ಯಕ್ತಿತ್ವ ದೋಷ: ನಿರ್ಣಯಕ್ಕೆ ಹೋಗುವ ಮುನ್ನ ಮನೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟವೋ ಹಳ್ಳವೋ ಸೊಪ್ಪಿನ ಬೆಟ್ಟವೋ ಇರುವುದು ಸಾಮಾನ್ಯ. ಮಳೆಗಾಲದಲ್ಲಿ ವಾರಗಟ್ಟಲೆ ಹೊರಗಿನವರ ಮುಖ ನೋಡದೆ ಕಳೆಯುವುದು ಇಲ್ಲಿ ಯಾರಿಗೂ ವಿಶೇಷವೆನ್ನಿಸುವುದಿಲ್ಲ. ಹೀಗಾಗಿ ಮಗನೋ ಮಗಳೋ ಯಾರೊಂದಿಗೂ ಬೆರೆಯುತ್ತಿಲ್ಲ ಎಂಬುದು ಹೆತ್ತವರ ಗಮನಕ್ಕೆ ಬರುವುದು ಬಹಳ ತಡವಾಗಿ, ಹೆಚ್ಚಿನ ಮನೆಗಳಲ್ಲಿ ಜಾತಕ ಹೊರಗೆ ತೆಗೆದ ಮೇಲೆ. ಆಗ ಯಾರೋ ಮೊಬೈಲ್‌ನಲ್ಲಿ ಓದಿದ ‘ಸ್ಕಿಜಾಯ್ಡ್’ ಎಂಬ ಶಬ್ದ ಮನೆಯೊಳಕ್ಕೆ ಬರುತ್ತದೆ. ಅದನ್ನು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗವೆಂದೇ ತಿಳಿದು ಮನೆಮಂದಿ ಕಂಗೆಡುತ್ತಾರೆ. ಈ ಬರಹ ಅಂಥ ಮನೆಯವರಿಗಾಗಿ, ಅವರಲ್ಲಿಗೆ ಹೋಗಿಬರುವ ಆಶಾ ಕಾರ್ಯಕರ್ತೆಯರಿಗಾಗಿ, ಮತ್ತು ತಮ್ಮ ಬಗ್ಗೆ ತಾವೇ ಈ ಪ್ರಶ್ನೆ ಕೇಳಿಕೊಂಡಿರುವವರಿಗಾಗಿ.

ನಿರ್ಣಯ ಮಾಡಬೇಕಾದವರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರು, ಮನೆಯವರಲ್ಲ. ಆದರೆ ಈ ದೋಷವನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ವೈದ್ಯರಿಗೆ ಬೇಕಾದ ಮಾಹಿತಿಯ ಬಹುಪಾಲು ಆ ವ್ಯಕ್ತಿಯ ಮಾತಿನಲ್ಲಿ ಮತ್ತು ಮನೆಯವರ ನೆನಪಿನಲ್ಲಿ ಇರುತ್ತದೆ. ಅದನ್ನು ಸರಿಯಾಗಿ ಕೂಡಿಸಿಕೊಳ್ಳುವುದು ಹೇಗೆ, ವೈದ್ಯರು ಬರೆದ ಹೆಸರನ್ನು ಓದಿಕೊಳ್ಳುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಹೆಸರಿನ ಭಯ ಮೊದಲು ಹೋಗಬೇಕು

‘ಸ್ಕಿಜೊ’ ಎಂಬ ಗ್ರೀಕ್ ಮೂಲಕ್ಕೆ ಸೀಳು, ಒಡಕು ಎಂಬ ಅರ್ಥವಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು ಬಳಕೆಗೆ ತಂದರು. ಹೊರಗಿನಿಂದ ಒಳಕ್ಕೆ ಸರಿದುಕೊಂಡಿದ್ದರೂ ವಾಸ್ತವದ ಅರಿವು ಕೆಡದ ಸ್ವಭಾವವನ್ನು ಸೂಚಿಸಲು ‘ಸ್ಕಿಜಾಯ್ಡ್’ ಎಂಬ ಶಬ್ದ ಹುಟ್ಟಿದ್ದು ಅದೇ ಕಾಲದಲ್ಲಿ, ಅದೇ ಚಿಂತನೆಯ ಬಳಗದಲ್ಲಿ. ಹೆಸರುಗಳು ಒಂದೇ ಬೇರಿನವು ಎಂದ ಮಾತ್ರಕ್ಕೆ ಸ್ಥಿತಿಗಳು ಒಂದೇ ಅಲ್ಲ. ಸ್ಕಿಜೋಫ್ರೀನಿಯಾದಲ್ಲಿ ಇಲ್ಲದ ದನಿ ಕೇಳುವುದು, ಅಲುಗಾಡಿಸಲಾಗದ ಭ್ರಮೆಗಳು, ಯೋಚನೆಯ ಎಳೆ ತಪ್ಪುವುದು ಇರುತ್ತವೆ. ಸ್ಕಿಜಾಯ್ಡ್ ವ್ಯಕ್ತಿತ್ವದಲ್ಲಿ ಇವು ಇರುವುದಿಲ್ಲ. ಸ್ಕಿಜೋಫ್ರೀನಿಯಾ ಇರುವವರ ರಕ್ತಸಂಬಂಧಿಗಳಲ್ಲಿ ಈ ವ್ಯಕ್ತಿತ್ವ ದೋಷ ತುಸು ಹೆಚ್ಚಾಗಿ ಕಾಣಬಹುದು ಎಂಬುದು ನಿಜ. ಆದರೆ ಒಂದರಿಂದ ಇನ್ನೊಂದು ಬಂದೇ ತೀರುತ್ತದೆ ಎಂದು ಅದರ ಅರ್ಥವಲ್ಲ.

ಜರ್ಮನಿಯ ಅರ್ನ್ಸ್ಟ್ ಕ್ರೆಚ್‌ಮರ್ 1921ರಲ್ಲಿ ಈ ಸ್ವಭಾವವನ್ನು ವಿವರಿಸುವಾಗ ಹೇಳಿದ ಒಂದು ಮಾತು ಇಂದಿಗೂ ಉಪಯುಕ್ತ. ಅತಿಸೂಕ್ಷ್ಮತೆ ಮತ್ತು ಭಾವಶೂನ್ಯತೆ ಎರಡು ಬೇರೆ ಬೇರೆ ಜನರಲ್ಲಿ ಇರುವಂಥವಲ್ಲ, ಒಬ್ಬನೇ ಮನುಷ್ಯನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಕೊಂಡಿರುತ್ತವೆ ಎಂಬುದು ಅವರ ಗ್ರಹಿಕೆಯಾಗಿತ್ತು. ಹೊರಗೆ ಕಲ್ಲಿನಂತೆ ಕಾಣುವ ವ್ಯಕ್ತಿಯ ಎದುರಿನಲ್ಲೇ ಅವನ ಬಗ್ಗೆ ಆಡಿಕೊಳ್ಳುವ ಮನೆಯವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಮುಖದಲ್ಲಿ ಕಾಣದ್ದು ಒಳಗೂ ಇಲ್ಲ ಎಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕು ಇದೆ. ಈ ದೋಷದ ತಿರುಳನ್ನು ‘ನಿರ್ಲಿಪ್ತತೆ’ ಎಂದು ಅನುವಾದಿಸುವ ರೂಢಿಯಿದೆ. ಆದರೆ ನಮ್ಮ ಮಾತಿನಲ್ಲಿ ನಿರ್ಲಿಪ್ತ ಎಂಬುದು ಹೊಗಳಿಕೆಯ ಶಬ್ದ. ತಾವರೆಯ ಎಲೆಯ ಮೇಲಿನ ನೀರು ಎಂದು ನಾವು ಹೇಳುವುದು ಸಾಧಿಸಿ ಪಡೆದ ಗುಣವನ್ನು. ವಿರಕ್ತನು ಬಂಧವನ್ನು ಬಲ್ಲವನು, ಬಲ್ಲುದನ್ನು ಬಿಟ್ಟವನು. ಇಲ್ಲಿ ಹೇಳುತ್ತಿರುವುದು ಅದಲ್ಲ. ಬಂಧದ ಕಡೆಗೆ ಮನಸ್ಸು ತಿರುಗುವುದೇ ಇಲ್ಲ ಎಂಬ ಸ್ಥಿತಿ ಇದು. ಆದ್ದರಿಂದ ಈ ಬರಹದಲ್ಲಿ ‘ವಿಮುಖತೆ’ ಎಂಬ ಶಬ್ದವನ್ನು ಬಳಸುತ್ತೇನೆ.

ಏಳು ಲಕ್ಷಣಗಳನ್ನು ಓದುವ ರೀತಿ

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ ಡಿಎಸ್‌ಎಂ-5 2013ರಲ್ಲಿ ಬಂದಿತು, ಅದರ ಪಠ್ಯ 2022ರಲ್ಲಿ ಪರಿಷ್ಕರಣೆಗೊಂಡಿತು. ಅದರ ಪ್ರಕಾರ ಏಳು ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಇರಬೇಕು. ಕುಟುಂಬವೂ ಸೇರಿದಂತೆ ಯಾವ ನಿಕಟ ಸಂಬಂಧವನ್ನೂ ಬಯಸದಿರುವುದು, ಅದರಲ್ಲಿ ಸುಖವನ್ನೂ ಕಾಣದಿರುವುದು. ಬಹುತೇಕ ಯಾವಾಗಲೂ ಒಬ್ಬರೇ ಮಾಡುವ ಕೆಲಸಗಳನ್ನೇ ಆರಿಸಿಕೊಳ್ಳುವುದು. ಇನ್ನೊಬ್ಬರೊಂದಿಗಿನ ಲೈಂಗಿಕ ಸಂಬಂಧದಲ್ಲಿ ಆಸಕ್ತಿ ಇಲ್ಲದಿರುವುದು ಅಥವಾ ತೀರ ಕಡಿಮೆ ಇರುವುದು. ಸಂತೋಷ ಕೊಡುವ ಚಟುವಟಿಕೆಗಳು ಇಲ್ಲವೇ ಇಲ್ಲ ಎನ್ನುವಷ್ಟು ವಿರಳವಾಗಿರುವುದು. ಹೆತ್ತವರು, ಒಡಹುಟ್ಟಿದವರನ್ನು ಬಿಟ್ಟರೆ ಆಪ್ತರೆಂದು ಯಾರೂ ಇಲ್ಲದಿರುವುದು. ಹೊಗಳಿಕೆ ತೆಗಳಿಕೆ ಎರಡೂ ತಾಗದಂತೆ ಕಾಣುವುದು. ಮತ್ತು ಭಾವನೆಯ ತಣ್ಣಗಿನತನ, ಮುಖದಲ್ಲಿ ಮಾತಿನಲ್ಲಿ ಏರಿಳಿತ ಇಲ್ಲದಿರುವುದು. ಇವು ಒಂದೆರಡು ಸಂದರ್ಭಗಳಲ್ಲಿ ಕಂಡರೆ ಸಾಲದು; ಯೌವನದ ಆರಂಭದ ಹೊತ್ತಿಗೇ ಮೊದಲಾಗಿ, ಮನೆ, ಕೆಲಸ, ಊರು ಎಲ್ಲೆಡೆ ಒಂದೇ ರೀತಿ ಕಾಣಿಸಿಕೊಂಡಿರಬೇಕು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮಗನ ಎದುರು ಕೂತು ಗುರುತು ಹಾಕುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಪ್ರತಿಯೊಂದು ಸಾಲಿನ ಒಳಗೂ ಎರಡು ಪ್ರಶ್ನೆಗಳಿವೆ: ಹೊರಗೆ ಏನು ಕಾಣುತ್ತದೆ, ಒಳಗೆ ಏನಿದೆ. ಹಲವು ಮನೆಗಳಲ್ಲಿ ಕೇಳಿದ್ದನ್ನು ಕೂಡಿಸಿ ಕಟ್ಟಿದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಇದು ಯಾವ ಒಬ್ಬರ ಕಥೆಯೂ ಅಲ್ಲ. ಶಿರಸಿ ಸೀಮೆಯ ಒಂದು ಮನೆ, ಮಗನಿಗೆ 34 ವರ್ಷ. ಕೊನೆ ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಅಕ್ಕಪಕ್ಕದವರು ಜಗುಲಿಯಲ್ಲಿ ಸೇರುತ್ತಾರೆ. ಕವಳದ ತಬಕು ಕೈಯಿಂದ ಕೈಗೆ ಹೋಗುತ್ತದೆ, ಆಟದ ಸುದ್ದಿ, ಮದುವೆಯ ಸುದ್ದಿ, ಅಡಿಕೆ ದರದ ಸುದ್ದಿ ಮಾತಿನಲ್ಲಿ ಬಂದು ಹೋಗುತ್ತವೆ. ಅವನು ಮೆಟ್ಟುಗತ್ತಿಯನ್ನು ಕಂಬದ ಆಚೆ ಇಟ್ಟುಕೊಂಡು, ಬೆನ್ನು ಈ ಕಡೆ ಮಾಡಿ ಕೂತು, ಎಲ್ಲರಿಗಿಂತ ಹೆಚ್ಚು ಸುಲಿದು, ಚಹಾ ಬರುವ ಮುನ್ನ ಎದ್ದು ಮೆತ್ತಿಗೆ, ಅಂದರೆ ಮಹಡಿಗೆ, ಹೋಗುತ್ತಾನೆ. ಯಾರಾದರೂ ‘ಇವನ ಕೈ ಯಂತ್ರದ ಕೈ’ ಎಂದು ಮೆಚ್ಚಿದರೂ ತಲೆ ಎತ್ತುವುದಿಲ್ಲ. ತಾಯಿ ಕೇಳಿದರೆ ಅವನ ಉತ್ತರ ಒಂದೇ: ‘ಯಂಗೆ ಹೀಂಗೇ ಚೊಲೋ, ಆಯಿ.’

ಇಷ್ಟನ್ನು ಕೇಳಿದರೆ ನಾಲ್ಕು ಲಕ್ಷಣ ಆಗಿಹೋದವು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಅವನು ಎದ್ದು ಹೋದದ್ದು ಏಕೆ? ಮಾತಾಡಿದರೆ ನಗುತ್ತಾರೆ ಎಂಬ ಅಳುಕಿನಿಂದ ಹೋಗಿ, ಮೆತ್ತಿನ ಕಿಟಕಿಯಿಂದ ಆ ನಗುವನ್ನು ಕೇಳಿಸಿಕೊಳ್ಳುತ್ತಾ ಕೂತಿದ್ದರೆ ಅದು ಬೇರೆಯೇ ಸ್ಥಿತಿ. ಒಂದು ಕಿವಿ ಸರಿಯಾಗಿ ಕೇಳಿಸದೆ, ಗುಂಪಿನ ಮಾತು ಕಲಸಿಹೋಗಿ ದಣಿದು ಹೋಗಿದ್ದರೆ ಅದೂ ಬೇರೆ. ಕಳೆದ ವರ್ಷದವರೆಗೆ ಚಹಾ ಕುಡಿದು ಕೊನೆಗೆ ಏಳುತ್ತಿದ್ದವನು ಈ ವರ್ಷ ಹೀಗಾಗಿದ್ದರೆ ಅದು ಇನ್ನೂ ಬೇರೆ. ವಿಮುಖತೆಯನ್ನೂ ಸೇರಿಸಿಕೊಂಡರೆ ಹೊರಗಿನ ನಡವಳಿಕೆ ನಾಲ್ಕೂ ಕಡೆ ಒಂದೇ, ಕಾರಣ ನಾಲ್ಕು.

ವರ್ಷಗಳ ಲೆಕ್ಕ ಬರೆದುಕೊಳ್ಳುವುದು

ಆಸ್ಪತ್ರೆಗೆ ಹೋಗುವ ಮುನ್ನ ಒಂದು ನೋಟ್‌ಬುಕ್ ತೆಗೆದುಕೊಂಡು, ಸಾಧ್ಯವಿದ್ದರೆ ಅವನಿಗೆ ಹೇಳಿ ಅವನ ಒಪ್ಪಿಗೆಯೊಂದಿಗೆ, ಬಾಲ್ಯದಿಂದ ಇಲ್ಲಿಯವರೆಗಿನ ನೆನಪುಗಳನ್ನು ವಯಸ್ಸಿನ ಕ್ರಮದಲ್ಲಿ ಬರೆಯಿರಿ. ವ್ಯಕ್ತಿತ್ವ ದೋಷ ಎಂದರೆ ಬಂದುಹೋಗುವ ಕಾಯಿಲೆಯಲ್ಲ. ಹದಿಹರೆಯ ಅಥವಾ ಯೌವನದ ಆರಂಭದಿಂದ ಬಹುಕಾಲ ಸ್ಥಿರವಾಗಿ ಉಳಿದ ಸ್ವಭಾವದ ವಿನ್ಯಾಸ. ಆ ಸ್ಥಿರತೆ ಒಂದು ಭೇಟಿಯಲ್ಲಿ ವೈದ್ಯರಿಗೆ ಕಾಣುವುದಿಲ್ಲ, ನಿಮ್ಮ ನೋಟ್‌ಬುಕ್‌ನಲ್ಲಿ ಕಾಣಬಹುದು.

ಬರೆಯುವಾಗ ತೀರ್ಪು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ‘ಚಿಕ್ಕಂದಿನಿಂದಲೂ ಮೊದ್ದು’ ಎಂಬ ಸಾಲಿನಿಂದ ವೈದ್ಯರಿಗೆ ಏನೂ ಸಿಗುವುದಿಲ್ಲ. ‘ಆರನೇ ತರಗತಿಯಲ್ಲಿ ಶಾಲೆಯ ಪ್ರವಾಸಕ್ಕೆ ಹಣ ಕೊಟ್ಟರೂ ಹೋಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ’, ‘ಅಜ್ಜ ತೀರಿಕೊಂಡ ದಿನ ಎಲ್ಲ ಕೆಲಸ ಮಾಡಿದ, ಅಳಲಿಲ್ಲ, ಆದರೆ ಅಜ್ಜನ ಕೋಲನ್ನು ಈಗಲೂ ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದಾನೆ’ ಎಂಬಂಥ ಸಾಲುಗಳಿಂದ ಬಹಳ ಸಿಗುತ್ತದೆ. ಆ ಎರಡನೆಯ ಸಾಲಿನ ಕೊನೆಯ ಭಾಗವನ್ನು ಬಿಟ್ಟು ಬರೆಯುವ ಮನೆಗಳೇ ಹೆಚ್ಚು. ದಯವಿಟ್ಟು ಬಿಡಬೇಡಿ. ಲಕ್ಷಣಕ್ಕೆ ವಿರುದ್ಧವಾಗಿ ಕಾಣುವ ನೆನಪುಗಳು, ಅಂದರೆ ಕೊಟ್ಟಿಗೆಯ ಕರುವಿನೊಂದಿಗೆ ಅವನು ಆಡುವ ಮಾತು, ಒಬ್ಬನೇ ಗೆಳೆಯನೊಂದಿಗೆ ವರ್ಷಕ್ಕೊಮ್ಮೆ ಮಾಡುವ ಫೋನು, ಇವು ನಿರ್ಣಯದ ದಿಕ್ಕನ್ನೇ ಬದಲಾಯಿಸಬಲ್ಲವು.

ಮೂರು ವರ್ಷದೊಳಗಿನ ಸಂಗತಿಗಳಿಗೆ ಬೇರೆಯಾಗಿ ಒಂದು ಪುಟ ಇಡಿ. ಮಾತು ಯಾವಾಗ ಬಂತು, ಕರೆದರೆ ತಿರುಗಿ ನೋಡುತ್ತಿದ್ದನೇ, ಬೆರಳು ಮಾಡಿ ವಸ್ತುಗಳನ್ನು ತೋರಿಸುತ್ತಿದ್ದನೇ, ಆಟಿಕೆಗಳನ್ನು ಸಾಲಾಗಿ ಜೋಡಿಸುವುದನ್ನೇ ಆಟ ಮಾಡಿಕೊಂಡಿದ್ದನೇ, ಕುಕ್ಕರಿನ ಸೀಟಿಗೆ, ಜಾತ್ರೆಯ ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತಿದ್ದನೇ ಎಂಬುದನ್ನು ಅಜ್ಜಿ, ದೊಡ್ಡಮ್ಮ, ಅತ್ತೆಯರನ್ನು ಕೇಳಿ ಬರೆದುಕೊಳ್ಳಬೇಕು. ಆಟಿಸಂನ ಸೌಮ್ಯ ರೂಪವನ್ನೂ ಸ್ಕಿಜಾಯ್ಡ್ ವ್ಯಕ್ತಿತ್ವವನ್ನೂ ವಯಸ್ಕರಲ್ಲಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟದ ಕೆಲಸ. ಆಟಿಸಂನಲ್ಲಿ ಇತರರ ಇಂಗಿತ ತಿಳಿಯುವುದೇ ಕಷ್ಟವಾಗಿರುತ್ತದೆ, ಜೊತೆಗೆ ಪುನರಾವರ್ತನೆಯ ನಡವಳಿಕೆ, ಒಂದೇ ವಿಷಯದ ತೀವ್ರ ಆಸಕ್ತಿ, ಶಬ್ದ ಬೆಳಕುಗಳ ಅತಿಸಂವೇದನೆ ಎಳವೆಯಿಂದಲೇ ಇರುತ್ತವೆ. ನಿರ್ಣಯ ಬಹುಮಟ್ಟಿಗೆ ಆ ಎಳವೆಯ ಪುಟವನ್ನೇ ಅವಲಂಬಿಸುತ್ತದೆ.

ಬೇಕು ಅನ್ನಿಸುತ್ತದೆಯೇ ಎಂಬ ಪ್ರಶ್ನೆ

ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ನಾನು ತಿಳಿದಿರುವ ಪ್ರಶ್ನೆ ಇದು: ಜನರ ಒಡನಾಟ ಅವನಿಗೆ ಬೇಕು ಅನ್ನಿಸುತ್ತದೆಯೇ? 1980ರವರೆಗೆ, ಅಂದರೆ ಡಿಎಸ್‌ಎಂನ ಮೂರನೆಯ ಆವೃತ್ತಿ ಬರುವವರೆಗೆ, ‘ಸ್ಕಿಜಾಯ್ಡ್’ ಎಂಬ ಒಂದೇ ಚೀಲದಲ್ಲಿ ಬಗೆಬಗೆಯ ಒಂಟಿ ಜನರನ್ನು ತುಂಬಲಾಗುತ್ತಿತ್ತು. ಆ ಆವೃತ್ತಿ ಅದನ್ನು ಮೂರಾಗಿ ಬಿಡಿಸಿತು. ಬಯಕೆಯೇ ಇಲ್ಲದವರು ಸ್ಕಿಜಾಯ್ಡ್; ಬಯಕೆ ಇದ್ದೂ ತಿರಸ್ಕಾರದ, ಅವಮಾನದ ಭಯದಿಂದ ದೂರ ಉಳಿಯುವವರು ಅವಾಯ್ಡೆಂಟ್, ಅಂದರೆ ಹಿಂಜರಿಕೆಯ ವ್ಯಕ್ತಿತ್ವ; ವಿಚಿತ್ರ ನಂಬಿಕೆ, ವಿಚಿತ್ರ ಅನುಭವ, ವಿಚಿತ್ರ ಮಾತಿನ ಧಾಟಿ ಇರುವವರು ಸ್ಕಿಜೋಟೈಪಲ್. ಕಂಬದ ಆಚೆ ಕೂತವನು ಈ ಮೂವರಲ್ಲಿ ಯಾರು ಎಂಬುದನ್ನು ಆ ಕಂಬದಿಂದ ತಿಳಿಯಲಾಗದು.

ಈ ಪ್ರಶ್ನೆಯನ್ನು ಎಲ್ಲರ ಎದುರು, ಊಟದ ಹೊತ್ತಿನಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ತೋಟದಲ್ಲಿ ನೀರು ಬಿಡುವಾಗಲೋ, ಸೊಪ್ಪು ಹೊರುವಾಗಲೋ, ಇಬ್ಬರೇ ಇರುವ ಹೊತ್ತಿನಲ್ಲಿ, ಮುಖ ನೋಡದೆ ಕೆಲಸ ಮಾಡುತ್ತಾ ಕೇಳುವುದು ಉತ್ತಮ: ‘ತಮಾ, ಒಬ್ಬನೇ ಇದ್ದರೆ ನಿನಗೆ ಹಗುರ ಅನ್ನಿಸುತ್ತದೋ, ಅಥವಾ ಬೇರೆ ದಾರಿ ಇಲ್ಲ ಅನ್ನಿಸುತ್ತದೋ?’ ಉತ್ತರ ಏನೇ ಬರಲಿ, ‘ಹಾಗಲ್ಲ ನೋಡು’ ಎಂದು ತಿದ್ದಲು ಹೋಗಬೇಡಿ. ಒಮ್ಮೆ ತಿದ್ದಿದರೆ ಮುಂದಿನ ಉತ್ತರ ಸಿಗುವುದಿಲ್ಲ. ‘ಬೇಡ’ ಎಂದವನ ಮಾತನ್ನೂ ಕೊನೆಯ ಮಾತೆಂದು ತಿಳಿಯಬೇಕಾಗಿಲ್ಲ. ಬೇಕೆಂದು ಹೇಳಿ ನೋವುಂಡವರು ಬೇಡವೆನ್ನಲು ಕಲಿಯುತ್ತಾರೆ. ಆ ಪದರವನ್ನು ಬಿಡಿಸುವುದು ವೈದ್ಯರ ಕೆಲಸ, ಅದಕ್ಕೆ ಹಲವು ಭೇಟಿಗಳು ಬೇಕಾಗುತ್ತವೆ.

ಇನ್ನು ಖಿನ್ನತೆ. ಕುಮಟಾ, ಅಂಕೋಲಾದ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಮಗಳು ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮರಳಿ ಬಂದು, ಎಂಟು ತಿಂಗಳಿಂದ ಕೋಣೆಯಿಂದ ಹೊರಬರುತ್ತಿಲ್ಲ, ಗೆಳತಿಯರ ಫೋನು ಎತ್ತುತ್ತಿಲ್ಲ, ಮೀನುಸಾರು ಮಾಡಿದರೂ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾಳೆ ಎಂದರೆ ಅದನ್ನು ವ್ಯಕ್ತಿತ್ವ ಎನ್ನಲಾಗದು. ಅವಳಲ್ಲಿ ಮೊದಲು ಇದ್ದದ್ದು ಹೋಗಿದೆ. ಆರಂಭದ ದಿನಾಂಕ ಹೇಳಬಹುದಾದ ಬದಲಾವಣೆಯನ್ನು ಮೊದಲು ಖಿನ್ನತೆ ಎಂದೇ ಶಂಕಿಸಬೇಕು, ಅದಕ್ಕೆ ಚಿಕಿತ್ಸೆಯಿದೆ, ತಡ ಮಾಡಬಾರದು. ಹಾಗೆಯೇ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೋಗುತ್ತಿದ್ದ 21 ವರ್ಷದ ಹುಡುಗ ಒಂದು ವರ್ಷದಿಂದ ಕ್ರಮೇಣ ಜೊತೆಯವರಿಂದ ಸರಿದು, ಸ್ನಾನ ಬಿಟ್ಟು, ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನತೊಡಗಿದ್ದರೆ, ಅದು ಸ್ಕಿಜೋಫ್ರೀನಿಯಾದ ಆರಂಭವಿರಬಹುದು. ಅಲ್ಲಿ ನೋಟ್‌ಬುಕ್ ತುಂಬಿಸುತ್ತಾ ಕೂರಬೇಡಿ, ಆ ವಾರವೇ ಹೋಗಿ. ಗಾಂಜಾ, ಮದ್ಯ, ಥೈರಾಯ್ಡ್ ಕೊರತೆ, ಕಿವುಡುತನ ಇವುಗಳನ್ನೂ ವೈದ್ಯರು ಬದಿಗೆ ಸರಿಸಿಯೇ ಮುಂದುವರಿಯುತ್ತಾರೆ. ಕೇಳಿದಾಗ ಮುಚ್ಚಿಡದೆ ಹೇಳಿ.

ನಂಬಿಕೆಗಳ ವಿಷಯದಲ್ಲಿ ಒಂದು ಎಚ್ಚರ. ಚೌಡಿಗೆ ಕಾಯಿ ಒಡೆಯುವುದು, ನಾಗರ ಬನದ ಮರಕ್ಕೆ ಕತ್ತಿ ಹಾಕದಿರುವುದು, ದೇವರ ಪ್ರಸಾದ ಕೇಳಿ ಕೆಲಸ ಆರಂಭಿಸುವುದು ಇಡೀ ಊರಿನ ಆಚರಣೆ. ಊರೆಲ್ಲ ಹಂಚಿಕೊಂಡ ನಂಬಿಕೆ ಲಕ್ಷಣವಾಗುವುದಿಲ್ಲ. ಊರಿನಲ್ಲಿ ಬೇರೆ ಯಾರಿಗೂ ಇಲ್ಲದ, ಅವನೊಬ್ಬನಿಗೇ ಅರ್ಥವಾಗುವ ನಂಬಿಕೆ ಇದ್ದರೆ ಮಾತ್ರ ಬರೆದುಕೊಳ್ಳಿ.

ದೋಷ ಎನ್ನಲು ನಷ್ಟ ಇರಬೇಕು

ಏಳರಲ್ಲಿ ನಾಲ್ಕು ಲಕ್ಷಣ ಇದ್ದರೂ ಆ ಸ್ವಭಾವದಿಂದ ಆ ವ್ಯಕ್ತಿಗೆ ಗಮನಾರ್ಹ ಸಂಕಟವೋ, ಬದುಕಿನ ಮುಖ್ಯ ಕ್ಷೇತ್ರಗಳಲ್ಲಿ ಹಿನ್ನಡೆಯೋ ಆಗಿರದಿದ್ದರೆ ಅದನ್ನು ದೋಷ ಎಂದು ಕರೆಯುವಂತಿಲ್ಲ. ಆ ವ್ಯಕ್ತಿ ಬೆಳೆದ ಸಂಸ್ಕೃತಿಯ ನಿರೀಕ್ಷೆಯಿಂದ ಎದ್ದು ಕಾಣುವಷ್ಟು ಬೇರೆಯಾಗಿರಬೇಕು ಎಂಬುದೂ ನಿಯಮ. ಒಂಟಿ ಮನೆಯಲ್ಲಿ ಬೆಳೆದು, ತೋಟವನ್ನು ಚೆನ್ನಾಗಿ ನೋಡಿಕೊಂಡು, ಲೆಕ್ಕ ಸರಿಯಾಗಿ ಇಟ್ಟು, ತನಗೂ ಇತರರಿಗೂ ತೊಂದರೆ ಕೊಡದೆ ಬದುಕುವವನು ಮಾತು ಕಡಿಮೆಯ ಮನುಷ್ಯ, ಅಷ್ಟೇ. ಅವನಿಗೆ ರೋಗದ ಹೆಸರು ಕೊಡುವ ಹಕ್ಕು ನಮಗಿಲ್ಲ.

ಇದು ಸದ್ಭಾವನೆಯ ಮಾತು ಮಾತ್ರವಲ್ಲ, ಕಾನೂನಿನ ಮಾತೂ ಹೌದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೇ ಕಲಂ, ಮಾನಸಿಕ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಸೇರಿದಂತೆ ಮಾನ್ಯ ವೈದ್ಯಕೀಯ ಮಾನದಂಡಗಳಿಂದಲೇ ನಿರ್ಣಯಿಸಬೇಕು ಎನ್ನುತ್ತದೆ. ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಒಬ್ಬರು ಹೊಂದಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ಅವರನ್ನು ಮಾನಸಿಕ ಅಸ್ವಸ್ಥರೆಂದು ನಿರ್ಣಯಿಸಬಾರದು ಎಂದೂ ಹೇಳುತ್ತದೆ. ಮದುವೆ ಬೇಡ ಎನ್ನುವುದು, ಉಪನಯನ, ಗೃಹಪ್ರವೇಶಗಳಿಗೆ ಹೋಗದಿರುವುದು ತಾವಾಗಿಯೇ ಕಾಯಿಲೆಯಾಗುವುದಿಲ್ಲ.

ನಷ್ಟ ಯಾವುದು ಎಂಬುದನ್ನು ಹೀಗೆ ನೋಡಬಹುದು. ಹಲ್ಲುನೋವು ತಾಳಲಾರದೆ ಇದ್ದರೂ ವೈದ್ಯರೊಡನೆ ಮಾತಾಡಬೇಕಲ್ಲ ಎಂದು ಹೋಗದಿರುವುದು, ಬ್ಯಾಂಕಿನವರನ್ನು ಕಾಣಬೇಕಾದೀತೆಂದು ಬೆಳೆಸಾಲದ ನವೀಕರಣವನ್ನೇ ಬಿಟ್ಟುಬಿಡುವುದು, ಗುಂಪಿನಲ್ಲಿ ಕೆಲಸ ಮಾಡಲಾಗದೆ ಮೂರನೆಯ ಬಾರಿ ಕೆಲಸ ಬಿಡುವುದು, ತಂದೆ ಹಾಸಿಗೆ ಹಿಡಿದರೂ ನೆರೆಯವರನ್ನು ಕರೆಯದಿರುವುದು. ಇಂಥವು ನೋಟ್‌ಬುಕ್‌ನಲ್ಲಿ ಇರಬೇಕು.

ವೈದ್ಯರು ಬರೆದ ಹೆಸರನ್ನು ಓದುವುದು

ಒಬ್ಬನೇ ವ್ಯಕ್ತಿಗೆ ಎರಡು ಆಸ್ಪತ್ರೆಗಳಲ್ಲಿ ಎರಡು ಬಗೆಯ ಹೆಸರು ಬರೆದುಕೊಟ್ಟರೆ ಮನೆಯವರು ಒಬ್ಬರು ತಪ್ಪು ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಇಬ್ಬರೂ ಸರಿ. ಅವರು ಬಳಸಿದ ವರ್ಗೀಕರಣ ಬೇರೆ.

ಡಿಎಸ್‌ಎಂ-5 ಹತ್ತು ವ್ಯಕ್ತಿತ್ವ ದೋಷಗಳನ್ನು ಮೂರು ಗುಂಪಾಗಿ ಇಟ್ಟಿದೆ; ಸ್ಕಿಜಾಯ್ಡ್ ಇರುವುದು ಪ್ಯಾರನಾಯ್ಡ್ ಮತ್ತು ಸ್ಕಿಜೋಟೈಪಲ್ ಜೊತೆ ‘ಎ’ ಗುಂಪಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಹಿಂದಿನ ವರ್ಗೀಕರಣವಾದ ಐಸಿಡಿ-10ರಲ್ಲಿ ಇದರ ಸಂಕೇತ ಎಫ್60.1. ಅಲ್ಲಿನ ಪಟ್ಟಿಯಲ್ಲಿ ಕಲ್ಪನೆಯ ಲೋಕದಲ್ಲಿ, ಅಂತರ್ಮುಖ ಚಿಂತನೆಯಲ್ಲಿ ಅತಿಯಾಗಿ ಮುಳುಗಿರುವುದು ಎಂಬ ಒಂದು ಲಕ್ಷಣವಿದೆ. ಅದು ಡಿಎಸ್‌ಎಂನ ಏಳರಲ್ಲಿ ಇಲ್ಲ. ಐಸಿಡಿ-10 ಸ್ಕಿಜೋಟೈಪಲ್ ಸ್ಥಿತಿಯನ್ನು ವ್ಯಕ್ತಿತ್ವ ದೋಷಗಳಲ್ಲಿ ಸೇರಿಸದೆ ಸ್ಕಿಜೋಫ್ರೀನಿಯಾದ ನೆರೆಯಲ್ಲಿ, ಎಫ್21 ಎಂದು ಇಟ್ಟಿತ್ತು.

ಐಸಿಡಿ-11ಕ್ಕೆ ವಿಶ್ವ ಆರೋಗ್ಯ ಅಧಿವೇಶನ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. 2022ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅದರಲ್ಲಿ ಸ್ಕಿಜಾಯ್ಡ್ ಎಂಬ ಪ್ರತ್ಯೇಕ ಹೆಸರೇ ಇಲ್ಲ. ಅಲ್ಲಿ ಮೊದಲು ವ್ಯಕ್ತಿತ್ವ ದೋಷ ಇದೆಯೇ ಎಂದು ನೋಡುತ್ತಾರೆ. ಎರಡು ವರ್ಷವಾದರೂ ಮುಂದುವರಿದಿರಬೇಕು ಎಂಬುದು ಅದರ ಮಾರ್ಗಸೂಚಿ. ಇದ್ದರೆ ತೀವ್ರತೆ ಎಷ್ಟು ಎಂದು ನೋಡುತ್ತಾರೆ: 6ಡಿ10.0 ಸೌಮ್ಯ, 6ಡಿ10.1 ಮಧ್ಯಮ, 6ಡಿ10.2 ತೀವ್ರ. ಆಮೇಲೆ ಎದ್ದು ಕಾಣುವ ಗುಣಲಕ್ಷಣವನ್ನು ಸೇರಿಸುತ್ತಾರೆ. ಸ್ಕಿಜಾಯ್ಡ್ ಎನ್ನುತ್ತಿದ್ದ ಸ್ಥಿತಿಗೆ ಹೊಂದುವ ಗುಣಲಕ್ಷಣ ವಿಮುಖತೆ, ಸಂಕೇತ 6ಡಿ11.1. ಅದರೊಳಗೆ ಜನರಿಂದ ದೂರವಿರುವುದು ಮತ್ತು ಭಾವನೆಗಳಿಂದ ದೂರವಿರುವುದು ಎರಡೂ ಸೇರಿವೆ. ಹೀಗೆ ಹಳೆಯ ಚೀಟಿಯ ‘ಎಫ್60.1’ ಹೊಸ ಚೀಟಿಯಲ್ಲಿ ‘ಸೌಮ್ಯ ವ್ಯಕ್ತಿತ್ವ ದೋಷ, ವಿಮುಖತೆ ಪ್ರಧಾನ’ ಎಂದಾಗಬಹುದು. ರೋಗ ಬದಲಾಗಿಲ್ಲ. ದೋಷದ ಮಟ್ಟಕ್ಕೆ ಹೋಗದ, ಆದರೆ ಕೆಲವು ಸಂದರ್ಭಗಳಲ್ಲಿ ತೊಡಕು ಕೊಡುವ ಸ್ವಭಾವಕ್ಕೂ ಐಸಿಡಿ-11ರಲ್ಲಿ ‘ವ್ಯಕ್ತಿತ್ವದ ತೊಡಕು’ ಎಂಬ ಜಾಗವಿದೆ, ಅದು ಕಾಯಿಲೆಯ ಪಟ್ಟಿಗೆ ಸೇರುವುದಿಲ್ಲ.

ಡಿಎಸ್‌ಎಂ-5ರ ಮೂರನೆಯ ಭಾಗದಲ್ಲಿ ಕೊಟ್ಟಿರುವ ಪರ್ಯಾಯ ಮಾದರಿಯೂ ಆರು ವ್ಯಕ್ತಿತ್ವ ದೋಷಗಳನ್ನು ಮಾತ್ರ ಹೆಸರಿನಿಂದ ಉಳಿಸಿಕೊಂಡಿದೆ, ಸ್ಕಿಜಾಯ್ಡ್ ಆ ಆರರಲ್ಲಿ ಇಲ್ಲ. ಈ ಬದಲಾವಣೆಯನ್ನು ನಾನು ಒಳ್ಳೆಯದೆಂದು ಭಾವಿಸುತ್ತೇನೆ. ಹೆಸರು ಒಬ್ಬ ಮನುಷ್ಯನ ಮೇಲೆ ಮುಚ್ಚಳದಂತೆ ಕೂರುತ್ತದೆ, ತೀವ್ರತೆ ಮಾತ್ರ ಅವನಿಗೆ ಎಷ್ಟು ನೆರವು ಬೇಕು ಎಂಬುದನ್ನು ಹೇಳುತ್ತದೆ. ಚೀಟಿ ಕೈಗೆ ಬಂದಾಗ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಇದರ ಹೆಸರೇನು’ ಎಂಬುದಲ್ಲ, ‘ಯಾವ ಮಟ್ಟದಲ್ಲಿದೆ, ಜೊತೆಗೆ ಖಿನ್ನತೆ ಇದೆಯೇ’ ಎಂಬುದು.

ಎಲ್ಲಿಗೆ, ಹೇಗೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸೇವೆ ಸಿಗುತ್ತದೆ. ಶಿರಸಿ, ಕುಮಟಾ, ಹೊನ್ನಾವರದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ನಿರ್ಣಯ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್. ಎದುರು ಕೂತು ಮಾತಾಡುವುದೇ ಕಷ್ಟವಾದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆ ಒಳ್ಳೆಯ ಆರಂಭ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮುಖ ತೋರಿಸದೆ ಮಾತಾಡಬಹುದು ಎಂಬುದೇ ಇಂಥವರಿಗೆ ದೊಡ್ಡ ಅನುಕೂಲ.

ಭೇಟಿಯಲ್ಲಿ ವೈದ್ಯರು ಅವನೊಂದಿಗೆ ಪ್ರತ್ಯೇಕವಾಗಿ ಮಾತಾಡಲು ಅವಕಾಶ ಕೊಡಿ. ನೋಟ್‌ಬುಕ್ ಕೊಟ್ಟು ಹೊರಗೆ ಬನ್ನಿ. ಅವನು ಏನು ಹೇಳಿದ ಎಂದು ಆಮೇಲೆ ವೈದ್ಯರನ್ನು ಕೆದಕಬೇಡಿ, ಗೋಪ್ಯತೆ ಅವನ ಹಕ್ಕು, 2017ರ ಕಾಯ್ದೆಯ 23ನೇ ಕಲಂ ಅದನ್ನು ರಕ್ಷಿಸುತ್ತದೆ. ಒಂದೇ ಭೇಟಿಯಲ್ಲಿ ಹೆಸರು ಬರೆಯಿಸಿಕೊಳ್ಳಲು ಅವಸರ ಮಾಡಬೇಡಿ. ಎಳೆಎಳೆಯಾಗಿ ಪ್ರಶ್ನೆ ಕೇಳುವ ರಚಿತ ಸಂದರ್ಶನಗಳಿವೆ, ಅವಕ್ಕೆ ಸಮಯ ಹಿಡಿಯುತ್ತದೆ. ಈ ದೋಷಕ್ಕೆಂದೇ ಇರುವ ಮಾತ್ರೆ ಇಲ್ಲ; ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧವಿದೆ, ಉಳಿದದ್ದು ಅವನ ವೇಗಕ್ಕೆ ತಕ್ಕ ಮಾತಿನ ಚಿಕಿತ್ಸೆ.

ಮದುವೆಯ ವಿಷಯವನ್ನು ಸ್ಪಷ್ಟವಾಗಿ ಹೇಳಲೇಬೇಕು. ‘ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬ ಮಾತನ್ನು ನಂಬಿ, ನಿರ್ಣಯವನ್ನು ಮುಂದಕ್ಕೆ ಹಾಕಿ, ದೂರದ ಊರಿನಿಂದ ಹೆಣ್ಣು ತಂದ ಮನೆಗಳಿವೆ. ನಿಕಟತೆಯನ್ನೇ ಬಯಸದವನಿಗೆ ಆ ಮದುವೆ ಪ್ರತಿದಿನದ ಶಿಕ್ಷೆ, ಏನೂ ತಿಳಿಯದೆ ಬಂದ ಹುಡುಗಿಗೆ ಅದಕ್ಕಿಂತ ದೊಡ್ಡ ಅನ್ಯಾಯ. ಜಾತಕವನ್ನು ಮತ್ತೆ ಪೆಟ್ಟಿಗೆಯಲ್ಲಿಡಿ, ಮೊದಲು ಅವನ ಇಚ್ಛೆ ಏನೆಂದು ತಿಳಿಯಿರಿ.

ಅವನು ಬರಲು ಒಪ್ಪದಿದ್ದರೆ ಬಲವಂತವಾಗಿ ಜೀಪು ಹತ್ತಿಸಬೇಡಿ. ಮೊದಲ ಸಲ ನೀವೊಬ್ಬರೇ ಹೋಗಿ ವೈದ್ಯರ ಸಲಹೆ ಕೇಳಬಹುದು. ಮರಳಿ ಬಂದು, ಹೋಗಿದ್ದೆ ಎಂಬುದನ್ನು ಅವನಿಂದ ಮುಚ್ಚಿಡದೆ, ಒಂದೇ ಮಾತಿನಲ್ಲಿ ಹೇಳಿ. ನೋಟ್‌ಬುಕ್ಕನ್ನು ಅವನ ಕೈಗೆ ಸಿಗುವಂತೆ ಇಡಿ, ಓದಬೇಕೆನ್ನಿಸಿದರೆ ಓದಲಿ, ತಪ್ಪಿದ್ದಲ್ಲಿ ತಿದ್ದಲಿ. ಅವನ ಕೈಬರಹದಲ್ಲಿ ಒಂದು ಸಾಲು ಸೇರಿದರೂ ಮುಂದಿನ ಭೇಟಿಯಲ್ಲಿ ವೈದ್ಯರು ಮೊದಲು ಓದುವುದು ಅದನ್ನೇ.